ಟ್ಯಾಬ್ ಬಿಸಿಯಾದರೆ ಹೆದರಬೇಕೆ?

ಬೆಳೆ ಸಮೀಕ್ಷೆ, ಹವಾಮಾನ ಮುನ್ಸೂಚನೆ, ಪೇಟೆ ಧಾರಣೆ, ಮಕ್ಕಳ ಪಾಠ ಮುಂತಾದ ಕೆಲಸಗಳಿಗೆ ರೈತರ ಮನೆಗಳಲ್ಲಿ ಮೊಬೈಲಿನ ಜೊತೆಗೆ ಟ್ಯಾಬ್ಲೆಟ್ ಕಂಪ್ಯೂಟರ್, ಅಂದರೆ ರೂಢಿಯ ಮಾತಿನಲ್ಲಿ ‘ಟ್ಯಾಬ್’, ಬಳಕೆಗೆ ಬಂದಿದೆ. ಸ್ವಲ್ಪ ಹೊತ್ತು ಬಳಸುವಷ್ಟರಲ್ಲಿ ಅದರ ಬೆನ್ನು ಬೆಚ್ಚಗಾಗುತ್ತದೆ. ಇದನ್ನು ಕಂಡು ಕೆಲವರು ಸಲಕರಣೆ ಕೆಟ್ಟಿತೆಂದು ರಿಪೇರಿ ಅಂಗಡಿಗೆ ಓಡುತ್ತಾರೆ. ಇನ್ನು ಕೆಲವರು ಕೈ ಸುಡುವಷ್ಟು ಕಾದರೂ ಲಕ್ಷ್ಯ ಕೊಡುವುದಿಲ್ಲ. ಇವೆರಡೂ ಸರಿಯಲ್ಲ. ದುಡಿಮೆಯಿಂದ ಬರುವ ಬಿಸಿಗೆ ಹೆದರಬೇಕಾಗಿಲ್ಲ, ಬಿಸಿಲಿನಿಂದ ಬರುವ ಬಿಸಿಗೆ ಹೆದರಬೇಕು ಎಂಬುದೇ ನಮ್ಮ ಅಭಿಪ್ರಾಯ.

ಬಿಸಿ ಏಕೆ?

ಟ್ಯಾಬಿನ ಒಳಗಿನ ಬಿಡಿಭಾಗಗಳು ಬಳಸುವ ವಿದ್ಯುತ್ತು ಬಹುತೇಕ ಶಾಖವಾಗಿಯೇ ಮಾರ್ಪಡುತ್ತದೆ. ಕಚೇರಿಯ ಕಂಪ್ಯೂಟರಿನಲ್ಲಿ ಈ ಶಾಖವನ್ನು ಹೊರದೂಡಲು ಫ್ಯಾನ್ ಇರುತ್ತದೆ. ಸಾಮಾನ್ಯ ಟ್ಯಾಬಿನಲ್ಲಿ ಅದಿಲ್ಲ. ಅದರ ಹೊರಕವಚವೇ ಶಾಖವನ್ನು ಗಾಳಿಗೆ ಬಿಡಬೇಕು. ಆದ್ದರಿಂದ ಬೆನ್ನು ಬೆಚ್ಚಗಾಗುವುದು ಒಳಗಿನ ಶಾಖ ಹೊರಬರುತ್ತಿದೆ ಎಂಬುದರ ಗುರುತು. ಉತ್ತು ಬಂದ ಎತ್ತಿನ ಮೈ ಬಿಸಿಯಾಗಿದ್ದರೆ ಯಾರೂ ಚಿಂತಿಸುವುದಿಲ್ಲ. ಕೊಟ್ಟಿಗೆಯಲ್ಲಿ ಕಟ್ಟಿದ ಎತ್ತಿನ ಮೈ ಸುಡುತ್ತಿದ್ದರೆ ಪಶುವೈದ್ಯರನ್ನು ಕರೆಯುತ್ತೇವೆ. ಟ್ಯಾಬಿಗೂ ಇದೇ ಪರೀಕ್ಷೆ ಸಾಕು.

ಬಿಸಿಲಿನ ಲೆಕ್ಕ

ಹತ್ತು ಅಂಗುಲದ ಟ್ಯಾಬ್ ಸಾಮಾನ್ಯ ಬಳಕೆಯಲ್ಲಿ ಸುಮಾರು 3 ವ್ಯಾಟ್ ವಿದ್ಯುತ್ ಬಳಸುತ್ತದೆ. ಹೆಚ್ಚಿನ ಕೆಲಸವಿದ್ದಾಗ ಇದು ಎರಡು ಮೂರು ಪಟ್ಟಾಗಬಹುದು. ಆದರೆ ನಡುಹಗಲಿನ ನೇರ ಬಿಸಿಲು ಪ್ರತಿ ಚದರ ಮೀಟರಿಗೆ ಸುಮಾರು 1000 ವ್ಯಾಟ್ ಶಕ್ತಿ ಸುರಿಸುತ್ತದೆ. 25 ಸೆಂ.ಮೀ. ಉದ್ದ, 17 ಸೆಂ.ಮೀ. ಅಗಲದ ಟ್ಯಾಬಿನ ಮೇಲೆ ಬೀಳುವ ಪಾಲು ಸುಮಾರು 40 ವ್ಯಾಟ್. ಕಪ್ಪು ಗಾಜು ಇದರ ಹೆಚ್ಚಿನ ಭಾಗವನ್ನು ಹೀರಿಕೊಳ್ಳುತ್ತದೆ. ಅಂದರೆ ಟ್ಯಾಬಿನ ಸ್ವಂತ ದುಡಿಮೆಯ ಶಾಖಕ್ಕಿಂತ ಬಿಸಿಲಿನ ಶಾಖ ಹಲವು ಪಟ್ಟು ಹೆಚ್ಚು.

ಆ್ಯಪಲ್ ಕಂಪನಿಯು ತನ್ನ ಐಪ್ಯಾಡ್‌ಗಳನ್ನು 0ರಿಂದ 35° ಸೆಂ. ಉಷ್ಣತೆಯಲ್ಲಿ ಬಳಸಬೇಕೆಂದೂ, ಬಳಸದೆ ಇಟ್ಟಾಗಲೂ 45° ಸೆಂ. ಮೀರಬಾರದೆಂದೂ ಸೂಚಿಸಿದೆ. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ನೆರಳಿನ ಉಷ್ಣತೆಯೇ 40° ಸೆಂ. ದಾಟುತ್ತದೆ.

ನಷ್ಟ ಬ್ಯಾಟರಿಗೆ

ಲಿಥಿಯಂ ಅಯಾನ್ ಬ್ಯಾಟರಿ ಹೆಚ್ಚು ಕಾದಷ್ಟೂ ಬೇಗ ಮುಪ್ಪಾಗುತ್ತದೆ. ಹೀಗೆ ಕುಗ್ಗಿದ ಸಾಮರ್ಥ್ಯ ಮರಳಿ ಬರುವುದಿಲ್ಲ. ಪೂರ್ಣ ಚಾರ್ಜ್ ಆಗಿರುವಾಗ ಕಾಯುವುದು ಇನ್ನೂ ಕೆಟ್ಟದ್ದು. ಕಾದ ಟ್ಯಾಬ್ ಪರದೆಯನ್ನು ಮಂಕಾಗಿಸುವುದು, ನಿಧಾನವಾಗುವುದು, ಚಾರ್ಜ್ ನಿಲ್ಲಿಸುವುದು ರೋಗವಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುವ ವ್ಯವಸ್ಥೆ.

ಬೆಂಕಿಯ ಭಯ ಬೇರೆ. ಒಳಗೆ ದೋಷವಿರುವ ಬ್ಯಾಟರಿ, ಹಸಿ ಹುಲ್ಲಿನ ಬಣವೆಯಂತೆ, ತನ್ನ ಶಾಖದಿಂದಲೇ ಮತ್ತಷ್ಟು ಕಾದು ಹೊತ್ತಿಕೊಳ್ಳಬಲ್ಲದು. 2016ರಲ್ಲಿ ಸ್ಯಾಮ್‌ಸಂಗ್ ಕಂಪನಿಯು ಗ್ಯಾಲಕ್ಸಿ ನೋಟ್ 7 ಮೊಬೈಲುಗಳನ್ನು ಹಿಂದಕ್ಕೆ ಪಡೆದದ್ದು ಬ್ಯಾಟರಿಯ ಇಂತಹ ದೋಷಗಳಿಂದ. ದಿನದ ಬಳಕೆಯಲ್ಲಿ ಬೆಚ್ಚಗಾಗುವುದಕ್ಕೂ ಇದಕ್ಕೂ ಹೋಲಿಕೆ ಸಲ್ಲದು.

ಅನುಸರಿಸಬೇಕಾದ ಕ್ರಮಗಳು

1. ಹೊಲದ ಕೆಲಸಕ್ಕೆ ಟ್ಯಾಬನ್ನು ಬೆಳಿಗ್ಗೆ ಅಥವಾ ಇಳಿಹೊತ್ತಿನಲ್ಲಿ ಬಳಸಬೇಕು. ಫೋಟೋ ತೆಗೆದ ಕೂಡಲೇ ನೆರಳಿಗೆ ಒಯ್ಯಬೇಕು.

2. ಟ್ರ್ಯಾಕ್ಟರಿನ ಬಾನೆಟ್ ಮೇಲೆ, ನಿಂತ ವಾಹನದೊಳಗೆ, ಬದುವಿನ ಕಲ್ಲಿನ ಮೇಲೆ ಇಡಬಾರದು.

3. ಚಾರ್ಜ್ ಮಾಡುವಾಗ ಹಾಸಿಗೆ, ದಿಂಬಿನ ಮೇಲಿಡದೆ ಗಾಳಿಯಾಡುವ ಗಟ್ಟಿ ಜಾಗದಲ್ಲಿಡಬೇಕು. ಆಗ ಮಕ್ಕಳಿಗೆ ಆಡಲು ಕೊಡಬಾರದು.

4. ಕಾದ ಟ್ಯಾಬನ್ನು ಫ್ರಿಜ್‌ನಲ್ಲಿಡುವುದಾಗಲಿ, ಒದ್ದೆ ಬಟ್ಟೆ ಸುತ್ತುವುದಾಗಲಿ ಕೂಡದು. ಒಳಗೆ ತೇವ ಸೇರಿ ಕೆಡುತ್ತದೆ. ಆರಿಸಿ ನೆರಳಿನಲ್ಲಿಟ್ಟರೆ ಸಾಕು.

5. ಕೆಲಸವಿಲ್ಲದೆಯೂ ಕಾಯುತ್ತಿದ್ದರೆ, ಬೆನ್ನು ಉಬ್ಬಿದ್ದರೆ, ಪರದೆ ಮೇಲೆದ್ದಿದ್ದರೆ, ವಿಚಿತ್ರ ವಾಸನೆ ಬಂದರೆ ಕೂಡಲೇ ಬಳಕೆ ಮತ್ತು ಚಾರ್ಜ್ ನಿಲ್ಲಿಸಬೇಕು. ಉಬ್ಬಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ತಿಪ್ಪೆಗೆ ಎಸೆಯಬಾರದು. ಕಂಪನಿಯ ಸೇವಾ ಕೇಂದ್ರಕ್ಕೆ ಒಪ್ಪಿಸಬೇಕು.

ರೈತನೊಬ್ಬನದೇ ಹೊಣೆಯಲ್ಲ

2020ರಿಂದ ನಮ್ಮ ರಾಜ್ಯದಲ್ಲಿ ರೈತರೇ ತಮ್ಮ ಬೆಳೆಯ ವಿವರ ಮತ್ತು ಫೋಟೋಗಳನ್ನು ಹೊಲದಲ್ಲಿ ನಿಂತು ದಾಖಲಿಸುವ ಅವಕಾಶವಿದೆ. ಬೆಳೆ ವಿಮೆ, ಬೆಂಬಲ ಬೆಲೆ, ಬೆಳೆ ಹಾನಿ ಪರಿಹಾರಗಳಿಗೆ ಈ ದಾಖಲೆ ಆಧಾರ. ನಡುಹಗಲಿನಲ್ಲಿ ಕಾದ ಸಲಕರಣೆ ಕೆಲಸದ ನಡುವೆಯೇ ನಿಂತರೆ ದಾಖಲೆ ಅರ್ಧಕ್ಕೇ ಉಳಿಯುತ್ತದೆ. ಆದ್ದರಿಂದ ರೈತರು ಕೊನೆಯ ದಿನದವರೆಗೆ ಕಾಯದೆ ತಂಪು ಹೊತ್ತಿನಲ್ಲಿ ಈ ಕೆಲಸ ಮುಗಿಸುವುದು ಒಳಿತು. ಇಲಾಖೆಗಳೂ ದಿನ ಗೊತ್ತುಮಾಡುವಾಗ ಬಿಸಿಲನ್ನು ಗಮನದಲ್ಲಿಟ್ಟು ಸಾಕಷ್ಟು ಕಾಲಾವಕಾಶ ಕೊಡಬೇಕು. ಟ್ಯಾಬ್ ಮಾರುವವರು, ಹಂಚುವವರು ಈ ಎಚ್ಚರಿಕೆಗಳನ್ನು ಕನ್ನಡದಲ್ಲಿ ಒಂದು ಹಾಳೆಯಷ್ಟಾದರೂ ಅಚ್ಚು ಮಾಡಿಸಿ ಕೊಡಬೇಕು.

ಮುಟ್ಟಿದಾಗ ಬೆಚ್ಚಗಿದೆ ಎಂದ ಮಾತ್ರಕ್ಕೆ ಹೊಸ ಬ್ಯಾಟರಿಗೆ ಹಣ ತೆರಬೇಕಾಗಿಲ್ಲ. ನೆರಳಿಗೆ ಖರ್ಚಿಲ್ಲ. ಮೊದಲು ಆ ಉಪಾಯವನ್ನು ಮಾಡಿ ನೋಡುವುದೇ ಜಾಣತನ.