ದೊಡ್ಡ ಟೈರಿಗೆ ಒಂದು ಹಲ್ಲು ಕಮ್ಮಿ

ಅಮೆರಿಕದಲ್ಲಿ ‘ಟ್ರಕ್’ ಎಂದರೆ ಲಾರಿಯೊಂದೇ ಅಲ್ಲ. ಮುಂದೆ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ ಇರುವ ಪಿಕಪ್ ಗಾಡಿಯೂ ಅಲ್ಲಿ ಟ್ರಕ್ಕೇ. ರೈತನಿಗೂ ಅದೇ ಬೇಕು, ಬಡಗಿಗೂ ಅದೇ ಬೇಕು, ಶನಿವಾರ ಭಾನುವಾರ ಗುಡ್ಡ ಹತ್ತುವ ಶೋಕಿಯವನಿಗೂ ಅದೇ ಬೇಕು. ಇಂಥ ಗಾಡಿಗಳ ಮಾಲೀಕರಲ್ಲಿ ಹಲವರಿಗೆ ಒಂದು ಗೀಳು ಉಂಟು: ಕಂಪನಿ ಹಾಕಿಕೊಟ್ಟ ಟೈರು ಬಿಚ್ಚಿಸಿ, ಅದಕ್ಕಿಂತ ದೊಡ್ಡ ಟೈರು ಹಾಕಿಸುವುದು. ಗಾಡಿಯ ಹೊಟ್ಟೆ ನೆಲದಿಂದ ಮೇಲೇಳುತ್ತದೆ. ಕಲ್ಲು, ಕೊರಕಲು, ಕೆಸರು ದಾಟುವುದು ಸುಲಭವಾಗುತ್ತದೆ. ನೋಡುವವರ ಕಣ್ಣಿಗೂ ಗತ್ತು!

ಆದರೆ ಟೈರು ಹಾಕಿಸಿಕೊಂಡು ಮನೆಗೆ ಹೊರಟ ದಾರಿಯಲ್ಲೇ ಮಾಲೀಕನ ಹುಬ್ಬು ಗಂಟಿಕ್ಕುತ್ತದೆ. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಗಾಡಿ ಮೊದಲಿನಂತೆ ಮುನ್ನುಗ್ಗುವುದಿಲ್ಲ. ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಈಗ ಎರಡನೆಯದು ಬೇಕು. ಆಟೊಮ್ಯಾಟಿಕ್ ಗಾಡಿಯಾದರೆ ಟಾಪ್ ಗೇರಿಗೆ ಹೋಗಿ, ಅಲ್ಲಿ ನಿಲ್ಲಲಾರದೆ ಮತ್ತೆ ಕೆಳಗಿಳಿದು, ಹೀಗೇ ತಡಕಾಡುತ್ತಿರುತ್ತದೆ. ಎಂಜಿನ್ನಿಗೆ ಏನಾದರೂ ಆಯಿತೇ? ಇಲ್ಲ. ಬೆಳಿಗ್ಗೆ ಎಷ್ಟು ಶಕ್ತಿ ಇತ್ತೋ ಸಂಜೆಗೂ ಅಷ್ಟೇ ಇದೆ. ಬದಲಾದದ್ದು ಆ ಶಕ್ತಿ ನೆಲ ಮುಟ್ಟುವ ಲೆಕ್ಕ.

ಒಂದು ಕಿಲೋಮೀಟರಿನ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳಿ. ಮೂಲ ಟೈರಿನ ಎತ್ತರ 30 ಇಂಚು, ಹೊಸದು 33 ಇಂಚು. ಮೂರು ಇಂಚು ತಾನೆ ಎಂದು ತಳ್ಳಿಹಾಕುವಂತಿಲ್ಲ. 30 ಇಂಚಿನ ಟೈರು ಒಂದು ಸುತ್ತು ಉರುಳಿದರೆ ಗಾಡಿ ಸುಮಾರು 2.39 ಮೀಟರ್ ಮುಂದೆ ಹೋಗುತ್ತದೆ. 33 ಇಂಚಿನದು ಸುಮಾರು 2.63 ಮೀಟರ್. ಅಂದರೆ ಒಂದು ಕಿಲೋಮೀಟರ್ ಸಾಗಲು ಹಳೆಯ ಟೈರು 418 ಸುತ್ತು ಉರುಳಬೇಕಿದ್ದರೆ, ಹೊಸದಕ್ಕೆ 380 ಸುತ್ತು ಸಾಕು. (ಭಾರಕ್ಕೆ ಟೈರು ಕೊಂಚ ಚಪ್ಪಟೆಯಾಗುವುದರಿಂದ ರಸ್ತೆಯ ಮೇಲೆ ಸುತ್ತುಗಳು ತುಸು ಹೆಚ್ಚಾಗುತ್ತವೆ, ಎರಡರ ನಡುವಿನ ಅನುಪಾತ ಹೆಚ್ಚುಕಡಿಮೆ ಇದೇ.)

ಸುತ್ತು ಕಡಿಮೆಯಾದರೆ ಒಳ್ಳೆಯದೇ ಅಲ್ಲವೇ ಎನ್ನಬಹುದು. ಸೈಕಲ್ ತುಳಿದವರಿಗೆ ಉತ್ತರ ಗೊತ್ತು. ಒಂದು ತುಳಿತಕ್ಕೆ ಹೆಚ್ಚು ದೂರ ಹೋಗುವ ಗೇರಿನಲ್ಲಿ ಸಪಾಟು ರಸ್ತೆ ಸುಖ; ಏರು ಬಂತೆಂದರೆ ತೊಡೆ ನಡುಗುತ್ತದೆ. ಟ್ರಕ್ಕಿನ ಎಂಜಿನ್ನಿಗೂ ಅದೇ ಪಾಡು. ಟೈರಿನ ಎತ್ತರ ನೂರಕ್ಕೆ 10ರಷ್ಟು ಹೆಚ್ಚಿದರೆ ನೆಲವನ್ನು ನೂಕುವ ಬಲ ನೂರಕ್ಕೆ 9ರಷ್ಟು ಕುಗ್ಗುತ್ತದೆ. ಅದರ ಮೇಲೆ ದೊಡ್ಡ ಟೈರಿನ ಭಾರ ಬೇರೆ. ಆ ಭಾರವೆಲ್ಲ ಗಾಲಿಯ ಅಂಚಿನಲ್ಲಿ ತಿರುಗುವುದರಿಂದ ಅದನ್ನು ಎಬ್ಬಿಸಲೂ ಕಷ್ಟ, ನಿಲ್ಲಿಸಲೂ ಕಷ್ಟ.

ಇನ್ನೊಂದು ಮೋಸವೂ ಇದೆ. ಪ್ರೊಪೆಲ್ಲರ್ ಶಾಫ್ಟಿನ ಸುತ್ತು ಎಣಿಸಿ ದೂರ ತೋರಿಸುವ ಮೀಟರಿಗೆ ಟೈರು ಬದಲಾದ ಸುದ್ದಿಯೇ ತಿಳಿಯದು. ಗಾಡಿ ನಿಜವಾಗಿ 1000 ಕಿಲೋಮೀಟರ್ ಓಡಿದರೆ ಅದು 909 ಎಂದು ತೋರಿಸುತ್ತದೆ. ಅದಕ್ಕೆ 100 ಲೀಟರ್ ಇಂಧನ ಖರ್ಚಾಗಿದ್ದರೆ, ಲೀಟರಿಗೆ 10 ಕೊಡುತ್ತಿರುವ ಗಾಡಿ 9.1 ಮಾತ್ರ ಕೊಡುತ್ತಿದೆ ಎಂದು ಮಾಲೀಕ ಕೊರಗುತ್ತಾನೆ. ದೊಡ್ಡ ಟೈರಿನಿಂದ ಮೈಲೇಜು ಬೀಳುವುದು ನಿಜವೇ. ಆದರೆ ಬಿದ್ದಂತೆ ಕಾಣುವುದರಲ್ಲಿ ಒಂದು ಪಾಲು ಮೀಟರಿನ ಸುಳ್ಳು. ಈ ಸುಳ್ಳಿನ ಇನ್ನೊಂದು ಮುಖ ಹೆಚ್ಚು ಅಪಾಯದ್ದು: ಮುಳ್ಳು 80ರಲ್ಲಿ ನಿಂತಿರುವಾಗ ಗಾಡಿ 88ರಲ್ಲಿ ಓಡುತ್ತಿರುತ್ತದೆ.

ಕುಂಬಳಕಾಯಿಯ ಒಳಗೆ

ಪರಿಹಾರ ಇರುವುದು ಎರಡು ಹಿಂಗಾಲಿಗಳ ನಡುವೆ. ಯಾವುದೇ ಲಾರಿಯ ಹಿಂದೆ ಬಗ್ಗಿ ನೋಡಿದರೆ ಆಕ್ಸಲ್ಲಿನ ನಡುವೆ ಉಬ್ಬಿಕೊಂಡ ಒಂದು ಉಕ್ಕಿನ ಬುರುಡೆ ಕಾಣುತ್ತದೆ. ಅಮೆರಿಕದ ಮೆಕ್ಯಾನಿಕ್ಕುಗಳು ಅದನ್ನು ‘ಕುಂಬಳಕಾಯಿ’ ಎಂದೇ ಕರೆಯುತ್ತಾರೆ. ಡಿಫರೆನ್ಷಿಯಲ್ ಇರುವುದು ಅದರೊಳಗೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು, ಒಳಗಿನದು ಕಡಿಮೆ ತಿರುಗಲು ಬಿಡುವುದು ಅದರ ಕೆಲಸ. ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1820ರ ದಶಕದಲ್ಲಿ ಉಗಿಗಾಡಿಗೆಂದು ರೂಪಿಸಿದ ಉಪಾಯ ಇಂದಿಗೂ ಹಾಗೇ ನಡೆದು ಬಂದಿದೆ.

ಗ್ಯಾರೇಜಿನಲ್ಲಿ ‘ಡಿಫರೆನ್ಷಿಯಲ್ ಗೇರ್ ಬದಲಿಸಿದರು’ ಎಂದರೂ ನಿಜಕ್ಕೂ ಬದಲಾಗುವುದು ಈ ಉಪಾಯವಲ್ಲ. ಅದನ್ನು ತಿರುಗಿಸುವ ಜೋಡಿ ಹಲ್ಲುಗಾಲಿಗಳು. ಪ್ರೊಪೆಲ್ಲರ್ ಶಾಫ್ಟಿನ ತುದಿಯ ಚಿಕ್ಕದು ಪಿನಿಯನ್. ಅದರ ಹಲ್ಲಿಗೆ ಹಲ್ಲು ಕೊಟ್ಟು ಕೂತ ದೊಡ್ಡ ಬಳೆ ಕ್ರೌನ್. ಕ್ರೌನಿನ ಹಲ್ಲುಗಳನ್ನು ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿದರೆ ಬರುವುದೇ ಆಕ್ಸಲ್ ಅನುಪಾತ. ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ 3.73 ಅನುಪಾತವನ್ನೇ ನೋಡಿ. ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 11. ಪಿನಿಯನ್ನಿನ ಒಂದು ಹಲ್ಲು ಕಮ್ಮಿ ಮಾಡಿದರೆ 41ಕ್ಕೆ 10, ಅಂದರೆ 4.10. ಇನ್ನೊಂದು ಕಮ್ಮಿ ಮಾಡಿದರೆ 41ಕ್ಕೆ 9, ಅಂದರೆ 4.56. ಇವಕ್ಕೆ 41ರಂಥ ಸಂಖ್ಯೆಯನ್ನು ಆರಿಸುವುದರಲ್ಲೂ ಜಾಣತನವಿದೆ. ಅದು ಯಾವುದರಿಂದಲೂ ಭಾಗವಾಗದ ಸಂಖ್ಯೆಯಾದ್ದರಿಂದ ಪಿನಿಯನ್ನಿನ ಪ್ರತಿಯೊಂದು ಹಲ್ಲೂ ಸರದಿಯಲ್ಲಿ ಕ್ರೌನಿನ ಎಲ್ಲ ಹಲ್ಲುಗಳನ್ನೂ ಮುಟ್ಟುತ್ತದೆ. ಸವೆತ ಎಲ್ಲಕ್ಕೂ ಸಮನಾಗಿ ಹಂಚಿಹೋಗುತ್ತದೆ.

ಈಗ ಹಿಂದಿನ ಲೆಕ್ಕಕ್ಕೆ ಬನ್ನಿ. ಹಳೆಯ ಟೈರು, 3.73 ಗೇರು ಇದ್ದಾಗ ಒಂದು ಕಿಲೋಮೀಟರಿಗೆ ಪ್ರೊಪೆಲ್ಲರ್ ಶಾಫ್ಟು 1558 ಸುತ್ತು ತಿರುಗುತ್ತಿತ್ತು. ಟೈರು ದೊಡ್ಡದಾದ ಮೇಲೆ ಅದು 1417ಕ್ಕೆ ಇಳಿಯಿತು. 4.10 ಗೇರು ಹಾಕಿ, 380ನ್ನು ಅದರಿಂದ ಗುಣಿಸಿ: 1558! ಎಂಜಿನ್ನಿನ ಮಟ್ಟಿಗೆ ಗಾಡಿಗೆ ಹಳೆಯ ಟೈರೇ ಮರಳಿ ಬಂದಂತೆ. ಶಾಫ್ಟಿನ ಸುತ್ತು ಎಣಿಸುವ ಮೀಟರ್ ಕೂಡ ತಾನಾಗಿ ಸರಿಹೋಗುತ್ತದೆ. ಗಾಲಿಗಳ ಸೆನ್ಸರಿನಿಂದ ವೇಗ ಅಳೆಯುವ ಇತ್ತೀಚಿನ ಗಾಡಿಗಳಲ್ಲಿ ಮಾತ್ರ ಕಂಪ್ಯೂಟರಿಗೆ ಹೊಸ ಟೈರಿನ ಅಳತೆ ತಿಳಿಸಲೇಬೇಕು.

ಸೂತ್ರ ಸರಳ. ಹೊಸ ಟೈರಿನ ಎತ್ತರವನ್ನು ಹಳೆಯದರ ಎತ್ತರದಿಂದ ಭಾಗಿಸಿ, ಹಳೆಯ ಅನುಪಾತದಿಂದ ಗುಣಿಸಿದರೆ ಹೊಸ ಅನುಪಾತ ಸಿಗುತ್ತದೆ. ಆದರೆ ಬಹಳ ದೊಡ್ಡ ಟೈರುಗಳಿಗೆ ಅನುಭವಿಗಳು ಸೂತ್ರಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಹೆಚ್ಚಿದ ಭಾರವನ್ನೂ ಗಾಳಿಯ ತಡೆಯನ್ನೂ ಸೂತ್ರ ಎಣಿಸುವುದಿಲ್ಲವಲ್ಲ! ಜೀಪ್ ಕಂಪನಿ ತಾನೇ ಹೀಗೆ ಮಾಡಿದೆ. ಅದರ ರ‍್ಯಾಂಗ್ಲರ್ ರೂಬಿಕಾನ್ ಗಾಡಿ ಸುಮಾರು 33 ಇಂಚಿನ ಟೈರು, 4.10 ಗೇರಿನೊಂದಿಗೆ ಬರುತ್ತಿತ್ತು. 2021ರಲ್ಲಿ ಅದೇ ಗಾಡಿಗೆ ಕಾರ್ಖಾನೆಯಲ್ಲೇ 35 ಇಂಚಿನ ಟೈರು ಕೂರಿಸಿದಾಗ ಸೂತ್ರದ ಪ್ರಕಾರ 4.35 ಸಾಕಿತ್ತು. ಕಂಪನಿ ಹಾಕಿದ್ದು 4.56.

ಟೈರು ಬದಲಿಸದೆ ಗೇರು ಮಾತ್ರ ಬದಲಿಸಿದ ಕಥೆಯೂ ಇದೆ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಆಕ್ಸಲ್ ಅನುಪಾತ 4.88. ಯುದ್ಧ ಮುಗಿದು 1945ರಲ್ಲಿ ಅದೇ ಜೀಪು ರೈತರಿಗಾಗಿ ಸಿಜೆ-2ಎ ಎಂಬ ಹೆಸರಿನಲ್ಲಿ ಹೊರಬಂದಾಗ ಅನುಪಾತ 5.38 ಆಗಿತ್ತು. ಟೈರಿನ ಅಳತೆ ಹಿಂದಿನದೇ. ದಂಡಿನ ಸಾಲಿನಲ್ಲಿ ಓಡುವುದಕ್ಕಿಂತ ಹೊಲದಲ್ಲಿ ಎಳೆಯುವುದು ಮುಖ್ಯ ಎಂದಾದಾಗ ವೇಗ ಬಿಟ್ಟುಕೊಟ್ಟು ಎಳೆತ ಪಡೆದರು. ಆ ಜೀಪುಗಳ ವಂಶದವನ್ನೇ ಮುಂದೆ ಮಹೀಂದ್ರ ಕಂಪನಿ ಭಾರತದಲ್ಲಿ ತಯಾರಿಸಿತು. ಮಲೆನಾಡಿನ ಕಾಫಿ ತೋಟಗಳ ಏರಿನಲ್ಲಿ ಜೀಪು ಮೊದಲ ಗೇರಿನಲ್ಲಿ ಗುರುಗುಟ್ಟುತ್ತ ಹತ್ತುವುದರ ಹಿಂದೆ ಎಂಜಿನ್ನಿನಷ್ಟೇ ಈ ಹಲ್ಲುಗಳ ಪಾತ್ರವೂ ಇದೆ.

ಕಾಗದದಷ್ಟು ತೆಳುವಾದ ಕೆಲಸ

ಲೆಕ್ಕ ಸುಲಭ, ಕೆಲಸ ಸುಲಭವಲ್ಲ. ಹಳೆಯ ಜೋಡಿ ಬಿಚ್ಚಿ ಹೊಸದು ಕೂರಿಸಿ ನಟ್ಟು ಬಿಗಿದರೆ ಮುಗಿಯಿತು ಎಂದು ತಿಳಿದವರ ಗಾಡಿ ಬಹಳ ದಿನ ಓಡುವುದಿಲ್ಲ. ಪಿನಿಯನ್ ಎಷ್ಟು ಒಳಗೆ ಕೂರಬೇಕು ಎಂಬುದನ್ನು ಶಿಮ್ ಎಂಬ ತೆಳು ತಗಡಿನ ಬಳೆಗಳಿಂದ ನಿಗದಿ ಮಾಡಬೇಕು. ಎರಡೂ ಹಲ್ಲುಗಳ ನಡುವೆ ತುಸು ಸಡಿಲವಿರಬೇಕು. ಇದಕ್ಕೆ ಬ್ಯಾಕ್‌ಲ್ಯಾಷ್ ಎನ್ನುತ್ತಾರೆ. ಅನೇಕ ಪಿಕಪ್ ಆಕ್ಸಲ್ಲುಗಳಲ್ಲಿ ಅದು 0.15ರಿಂದ 0.25 ಮಿಲಿಮೀಟರ್. ಹೆಚ್ಚಾದರೆ ಹಲ್ಲು ಹಲ್ಲಿಗೆ ಬಡಿಯುತ್ತದೆ. ಕಡಿಮೆಯಾದರೆ ಎಣ್ಣೆಗೂ ಜಾಗವಿಲ್ಲದೆ ಕಾದು ಸುಡುತ್ತದೆ. ಬೇರಿಂಗುಗಳ ಬಿಗಿಯನ್ನೂ ಅಳೆದೇ ಕೊಡಬೇಕು.

ಎಲ್ಲ ಸರಿಯಾಗಿದೆಯೇ ಎಂದು ತಿಳಿಯುವ ಉಪಾಯ ಹಳೆಯದು. ಹಲ್ಲುಗಳಿಗೆ ಬಣ್ಣ ಬಳಿದು, ಕೈಯಲ್ಲಿ ತಿರುಗಿಸಿ, ಬಣ್ಣ ಅಳಿಸಿದ ಗುರುತು ನೋಡುವುದು. ಗುರುತು ಹಲ್ಲಿನ ಮಧ್ಯೆ ಬಿದ್ದರೆ ಗೆದ್ದಂತೆ. ತುದಿಗೋ ಬುಡಕ್ಕೋ ಸರಿದಿದ್ದರೆ ಎಲ್ಲ ಬಿಚ್ಚಿ, ಶಿಮ್ ಬದಲಿಸಿ, ಮತ್ತೆ ಮೊದಲಿನಿಂದ. ನುರಿತವರೂ ಎರಡು ಮೂರು ಸಲ ಬಿಚ್ಚಿ ಜೋಡಿಸುವುದುಂಟು. ಈ ತಾಳ್ಮೆ ಇಲ್ಲದ ಕಡೆ ಗೇರು ಹಾಕಿಸಿದರೆ ಕೆಲವೇ ದಿನಗಳಲ್ಲಿ ಹೌಸಿಂಗ್ ಕೂಗಲು ಶುರುವಾಗುತ್ತದೆ. ಒಮ್ಮೆ ಹಾಗೆ ಸವೆದ ಜೋಡಿಯನ್ನು ಮತ್ತೆ ಹೊಂದಿಸಿ ಬಾಯಿ ಮುಚ್ಚಿಸುವುದು ಕಷ್ಟ.

ನಾಲ್ಕು ಗಾಲಿಗೂ ಎಳೆತ ಇರುವ ಗಾಡಿಯಾದರೆ ಖರ್ಚು ಇಮ್ಮಡಿ. ಮುಂದಿನ ಆಕ್ಸಲ್ಲಿಗೂ ಅದೇ ಅನುಪಾತ ಹಾಕಲೇಬೇಕು. ಹಿಂದೆ 4.10, ಮುಂದೆ 3.73 ಉಳಿದರೆ, ಫೋರ್ ವೀಲ್ ಹಾಕಿದ ಕ್ಷಣದಿಂದ ಮುಂಗಾಲಿ ಹಿಂಗಾಲಿಗಳ ನಡುವೆ ಜಗ್ಗಾಟ. ಒಣ ರಸ್ತೆಯಲ್ಲಿ ಹಾಗೆ ಓಡಿಸಿದರೆ ಎಲ್ಲಾದರೊಂದು ಕಡೆ ಮುರಿಯುವುದು ಖಚಿತ. ಕೆಲವು ಆಕ್ಸಲ್ಲುಗಳಲ್ಲಿ ಇನ್ನೊಂದು ತೊಡಕಿದೆ. ಬಹುಬಳಕೆಯ ಡೇನಾ 44 ಆಕ್ಸಲ್ಲಿನಲ್ಲಿ 3.73ರವರೆಗಿನ ಗೇರುಗಳಿಗೆ ಒಂದು ಕ್ಯಾರಿಯರ್, 3.92ರಿಂದ ಮೇಲಿನವಕ್ಕೆ ಇನ್ನೊಂದು. ಗೇರಿನ ಜೊತೆಗೆ ಕ್ಯಾರಿಯರನ್ನೂ ಕೊಳ್ಳಬೇಕಾದ ಸಂಗತಿ ಮಾಲೀಕನಿಗೆ ತಿಳಿಯುವುದು ಹೌಸಿಂಗ್ ಬಿಚ್ಚಿದ ಮೇಲೆ!

ಹೊಸ ಜೋಡಿಗೆ ಬಾಣಂತನವೂ ಬೇಕು. ಮೊದಲ ದಿನ ಇಪ್ಪತ್ತು ಮೂವತ್ತು ಕಿಲೋಮೀಟರ್ ಮೆಲ್ಲಗೆ ಓಡಿಸಿ, ನಿಲ್ಲಿಸಿ ತಣಿಸಬೇಕು. ಸುಮಾರು 800 ಕಿಲೋಮೀಟರ್ ಆಗುವವರೆಗೆ ಭಾರ ಎಳೆಸಬಾರದು. ಆಮೇಲೆ ಎಣ್ಣೆ ಬದಲಿಸಬೇಕು. ಈ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಜಾರುತ್ತವೆ ಕೂಡ. ಅದಕ್ಕೆಂದೇ ತಯಾರಾದ ಎಣ್ಣೆಯಲ್ಲದೆ ಬೇರೆ ಯಾವುದೂ ಅವುಗಳ ನಡುವೆ ನಿಲ್ಲುವುದಿಲ್ಲ.

ಮರಳಿ ಬರುವುದು, ಬಾರದ್ದು

ಇಷ್ಟೆಲ್ಲ ಮಾಡಿದ ಮೇಲೆ ಗಾಡಿ ಮೊದಲಿನಂತಾಯಿತೇ? ಪ್ರಶ್ನೆಯ ಮುಖ್ಯ ಭಾಗ ಇರುವುದೇ ಇಲ್ಲಿ. ಎಂಜಿನ್ನಿನ ಎಳೆತ ಮರಳಿತು. ಗೇರಿನಲ್ಲಿ ಇಳಿಜಾರು ಇಳಿಯುವಾಗ ಎಂಜಿನ್ ಕೊಡುವ ತಡೆಯೂ ಮರಳಿತು. ಆದರೆ ಕಾಲಿನ ಬ್ರೇಕು ಇರುವುದು ಗಾಲಿಯಲ್ಲಿ, ಡಿಫರೆನ್ಷಿಯಲ್ಲಿನ ಆಚೆ. ಅಲ್ಲಿಗೆ ಹೊಸ ಹಲ್ಲುಗಳ ಉಪಕಾರ ಮುಟ್ಟುವುದೇ ಇಲ್ಲ. ಪೆಡಲನ್ನು ಅಷ್ಟೇ ಬಲದಿಂದ ಒತ್ತಿದರೆ, ಎತ್ತರದ ಟೈರಿನ ಗಾಡಿಗೆ ನೂರಕ್ಕೆ 9ರಷ್ಟು ಕಡಿಮೆ ತಡೆ ಸಿಗುತ್ತದೆ. ನಿಲ್ಲಿಸಬೇಕಾದ ಭಾರವೋ ಮೊದಲಿಗಿಂತ ಹೆಚ್ಚು. ಗಾಡಿಯ ಭಾರದ ಕೇಂದ್ರವೂ ಸುಮಾರು ಒಂದೂವರೆ ಇಂಚು ಮೇಲೇರಿರುತ್ತದೆ. ತಿರುವಿನಲ್ಲಿ ವಾಲುವ ಗುಣ ಅಷ್ಟು ಹೆಚ್ಚುತ್ತದೆ. ಹಲ್ಲು ಕಮ್ಮಿಯಾದ ಪಿನಿಯನ್ ಮೊದಲಿನದಕ್ಕಿಂತ ಚಿಕ್ಕದು. ಹೆಚ್ಚಿದ ಹೊರೆಯನ್ನು ಅದೇ ಹೊರಬೇಕು.

ಅಪಾಯ ಅಡಗಿರುವುದು ಗೇರು ಚೆನ್ನಾಗಿ ಕೂತಾಗಲೇ. ಎಳೆತ ಇಲ್ಲದ ಗಾಡಿಯನ್ನು ಚಾಲಕ ಅಳುಕುತ್ತಲೇ ಓಡಿಸುತ್ತಾನೆ. ಎಳೆತ ಮರಳಿದೊಡನೆ ಎಲ್ಲವೂ ಸರಿಹೋಯಿತೆಂಬ ಧೈರ್ಯ ಬರುತ್ತದೆ. ಬ್ರೇಕು ಸರಿಹೋಗಿಲ್ಲ ಎಂಬುದು ಏರಿನಲ್ಲಿ ತಿಳಿಯುವ ಸಂಗತಿಯಲ್ಲ.

ಅಮೆರಿಕದಲ್ಲಿ ಇಂಥ ಮಾರ್ಪಾಡಿಗೆ ದೊಡ್ಡ ಮಾರುಕಟ್ಟೆಯೇ ಇದೆ. ಭಾರತದಲ್ಲಿ ಕಾನೂನು ಬೇರೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಹಾಗಾಗಿ ಇಲ್ಲಿ ಟೈರು ಬದಲಿಸುವವರು ಮೊದಲು ನೋಡಬೇಕಾದ್ದು ತಯಾರಕರು ಸೂಚಿಸಿದ ಅಳತೆಯನ್ನು. ಎಳೆತ ಹೆಚ್ಚು ಬೇಕಾದವರಿಗೆ ಕಾರ್ಖಾನೆಯ ದಾರಿಯೂ ಇದೆ: ಟಿಪ್ಪರಿಗೂ ಹೆದ್ದಾರಿ ಲಾರಿಗೂ ಕಂಪನಿಗಳೇ ಬೇರೆ ಬೇರೆ ಆಕ್ಸಲ್ ಅನುಪಾತ ಕೊಡುತ್ತವೆ. ಗಾಡಿ ಕೊಳ್ಳುವಾಗ ಬಣ್ಣ, ಸೀಟುಗಳ ಜೊತೆಗೆ ಆ ಅಂಕಿಯನ್ನೂ ಒಮ್ಮೆ ಕೇಳಿ ನೋಡುವುದು ಒಳ್ಳೆಯದು.

ಟೈರಂಗಡಿಗೆ ಹೋಗುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಈ ಟೈರು ಹಾಕಿದರೆ ಗಾಡಿ ಚಾರ್ಮಾಡಿ ಹತ್ತುತ್ತದೆಯೇ’ ಎಂಬುದಲ್ಲ. ಒಂದು ಹಲ್ಲು ಕಮ್ಮಿ ಮಾಡಿದರೆ ಹತ್ತೀತು. ಆದರೆ ಹತ್ತಿದ ಗಾಡಿ ಇಳಿಯಲೂ ಬೇಕು.