ಸರ್ಕಾರದ ಲೆಕ್ಕದಾಗ ತುಟ್ಟಿ ಇಳೀತು. ಶಿರಗುಪ್ಪಿ ಅಂಗಡಿಯ ಉದ್ರಿ ವಹಿ ಯಾಕ ಇಳೀಲಿಲ್ಲ?

ಶಿರಗುಪ್ಪಿ: ಸಂಜೆ ಹುಬ್ಬಳ್ಳಿಯಿಂದ ಬಸ್ ಬಂದು ನಿಂತ ಮೇಲೆ ಊರಿನ ಯಾವುದೇ ಕಿರಾಣಿ ಅಂಗಡಿ ಮುಂದೆ ಹತ್ತು ನಿಮಿಷ ನಿಂತು ನೋಡ್ರಿ. ಅರ್ಧ ಲೀಟರ್ ಹಾಲು, ಕಾಲು ಕೆಜಿ ಸಕ್ಕರಿ, ಹತ್ತು ರೂಪಾಯಿ ಚಹಾಪುಡಿ ಪ್ಯಾಕೆಟ್. ಜತೆಗೆ ಒಂದು ಮಾತು: "ಕಾಕಾರ, ಬರಕೊಳ್ರಿ, ಒಂದನೇ ತಾರೀಖಿಗೆ ಕೊಡ್ತೇನಿ." ಕಾಕಾ ಏನೂ ಮಾತಾಡೋದಿಲ್ಲ, ವಹಿ ತೆಗೀತಾರ. ಬರೀದಿದ್ರ ಗಿರಾಕಿ ಹೋಗ್ತದ, ಬರದ್ರ ರೊಕ್ಕ ಹೋಗ್ತದ.

ದಿಲ್ಲಿಯಿಂದ ಬಂದ ಸುದ್ದಿ ಬೇರೆ ಇತ್ತು. 2025ರ ಅಕ್ಟೋಬರ್‌ನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿದಿತ್ತು. 2012ರ ದರವನ್ನು ಆಧಾರವಾಗಿಟ್ಟುಕೊಂಡ ಆಗಿನ ಸರಣಿಯಲ್ಲೇ ಅದು ಅತ್ಯಂತ ಕಡಿಮೆ ಆಗಿತ್ತು. ಹಳ್ಳಿಗಳ ಲೆಕ್ಕ ಬೇರೆ ತೆಗೆದರಂತೂ ಶೂನ್ಯಕ್ಕಿಂತ ಕೆಳಗೆ. ಅಂದ್ರ ಕಾಗದದ ಮೇಲೆ ಹಳ್ಳಿಯಲ್ಲಿ ತುಟ್ಟಿಯೇ ಇರಲಿಲ್ಲ! ಹಂಗಾದ್ರ ಕಾಕಾನ ವಹಿ ಯಾಕ ದಪ್ಪ ಆಗಾಕತ್ತದ? ಸರ್ಕಾರ ಸುಳ್ಳು ಹೇಳ್ತದೋ, ಜನ ಸುಳ್ಳು ಹೇಳ್ತಾರೋ? ಲೆಕ್ಕ ಬಿಡಿಸಿ ನೋಡಿದ್ರ ಇಬ್ಬರೂ ಸುಳ್ಳು ಹೇಳ್ತಿಲ್ಲ.

0.25 ಅಂದ್ರ ಏನು?

ಹಣದುಬ್ಬರದ ಅಂಕಿ ಹೇಳೋದು ದರ ಏರುವ ವೇಗವನ್ನ, ದರವನ್ನಲ್ಲ. 2024ರ ಅಕ್ಟೋಬರ್‌ನಲ್ಲಿ 100 ರೂ. ಇದ್ದ ಸಂತಿ 2025ರ ಅಕ್ಟೋಬರ್‌ನಲ್ಲಿ 100 ರೂ. 25 ಪೈಸೆ ಆಗಿದೆ ಅಂತ ಅಷ್ಟೇ ಇದರ ಅರ್ಥ. ಹಿಂದಿನ ವರ್ಷಗಳಲ್ಲಿ ಏರಿದ್ದು ಹಂಗೇ ಕೂತದ. 2012ರಲ್ಲಿ 100 ರೂಪಾಯಿಗೆ ಬರ್ತಿದ್ದ ಸಾಮಾನಿಗೆ 2025ರ ಅಕ್ಟೋಬರ್‌ನಲ್ಲಿ ಹೆಚ್ಚು ಕಡಿಮೆ 197 ರೂ. ಕೊಡಬೇಕಿತ್ತು. ಗಾಡಿ ಮುಂದ ಹೋಗೋದು ನಿಂತಿರಬಹುದು, ಆದ್ರ ಹಿಂದಕ್ಕೇನೂ ಬಂದಿಲ್ಲ.

ಎರಡನೇ ಮಾತು, ಅದು ಸರಾಸರಿ. ತರಕಾರಿ, ಬ್ಯಾಳಿ ಜೋರಾಗಿ ಇಳಿದು, ಬಸ್ಸು, ಹಾಲು, ಗ್ಯಾಸ್ ಏರಿದರೆ ಕೂಡಿಸಿ ಭಾಗಿಸಿದಾಗ ಸೊನ್ನೆ ಹತ್ತಿರ ಬರ್ತದ. 2024ರಲ್ಲಿ ಕೆಜಿಗೆ 160 ರೂ. ದಾಟಿದ್ದ ತೊಗರಿಬ್ಯಾಳಿ 2025ರಲ್ಲಿ ಸಾಕಷ್ಟು ಇಳಿದಿತ್ತು. ಉಳ್ಳಾಗಡ್ಡಿಯಂತೂ ಕೇಳೋರೇ ಇರಲಿಲ್ಲ. ಆದ್ರ ದಿನಾ ಬೆಳಗಾದರೆ ಕೈಯಿಂದ ರೊಕ್ಕ ಬಿಡಿಸಿಕೊಳ್ಳುವ ಸಾಮಾನು ಬೇರೆಯೇ ಅದಾವು.

ಒಂದೇ ವರ್ಷದಾಗ ಎಷ್ಟು ಏರಿತು?

ತಾರೀಖಿನ ಸಮೇತ ನೋಡೋಣ. 2025ರ ಜನವರಿ 5ರಿಂದ ಸರ್ಕಾರಿ ಬಸ್ ದರ ಶೇ 15 ಏರಿತು. ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರ್‌ಗೆ 4 ರೂ. ಹೆಚ್ಚಾಯಿತು. ಅದೇ ದಿನದಿಂದ ಡೀಸೆಲ್ ಮೇಲಿನ ರಾಜ್ಯ ಮಾರಾಟ ತೆರಿಗೆ ಏರಿ ಲೀಟರ್‌ಗೆ ಸುಮಾರು 2 ರೂ. ಹೆಚ್ಚಳ, ವಿದ್ಯುತ್‌ಗೆ ಪ್ರತಿ ಯೂನಿಟ್‌ಗೆ 36 ಪೈಸೆ ಸರ್‌ಚಾರ್ಜ್. ಏಪ್ರಿಲ್ 8ರಿಂದ ಮನೆ ಬಳಕೆಯ ಗ್ಯಾಸ್ ಸಿಲಿಂಡರ್‌ಗೆ 50 ರೂ. ಏರಿಕೆ.

ಹುಬ್ಬಳ್ಳಿಗೆ ದಿನಾ ಕೆಲಸಕ್ಕೆ ಹೋಗಿ ಬರುವ ಒಂದು ಮನೆಯ ಲೆಕ್ಕ ಹಾಕೋಣ. ಮೊದಲು 30 ರೂ. ಇದ್ದ ಟಿಕೆಟ್ ಅಂತ ಇಟ್ಕೊಳ್ರಿ. ಶೇ 15 ಅಂದ್ರ ಹತ್ತಿರ ಹತ್ತಿರ 5 ರೂ. ಹೆಚ್ಚು. ಹೋಗಿ ಬರೋದು ಸೇರಿ ತಿಂಗಳಿಗೆ 26 ದಿನಕ್ಕೆ 260 ರೂ. ದಿನಕ್ಕೆ ಅರ್ಧ ಲೀಟರ್ ಹಾಲಿನ ಏರಿಕೆ ತಿಂಗಳಿಗೆ 60 ರೂ. ತಿಂಗಳಿಗೊಂದು ಸಿಲಿಂಡರ್ ಅಂದ್ರ 50 ರೂ. ಒಟ್ಟು 370 ರೂಪಾಯಿ.

ಈ 370 ಅನ್ನೋ ಅಂಕಿ ನೆನಪಿಡ್ರಿ. ನಮ್ಮ ರಾಜ್ಯದಲ್ಲಿ 2025-26ಕ್ಕೆ ಉದ್ಯೋಗ ಖಾತ್ರಿಯ ದಿನಗೂಲಿ ಕೂಡ ಸರಿಯಾಗಿ 370 ರೂ. ಇತ್ತು. ಅದರ ಹಿಂದಿನ ವರ್ಷ 349 ಇತ್ತು. ಅಂದ್ರ ಮೂರೇ ಮೂರು ಬಾಬತ್ತಿನ ಏರಿಕೆ ತಿಂಗಳಿಗೆ ಒಂದು ಪೂರ್ತಿ ದಿನದ ಕೂಲಿ ತಿಂತು. ಕೂಲಿ ಏರಿದ್ದು ದಿನಕ್ಕೆ 21 ರೂ. ಆ ವರ್ಷ ನೂರು ದಿನ ಪೂರ್ತಿ ಕೆಲಸ ಸಿಕ್ಕಿದ್ರೂ ಹೆಚ್ಚಿಗೆ ಬರ್ತಿದ್ದದ್ದು 2,100 ರೂ., ತಿಂಗಳಿಗೆ ಹಂಚಿದರೆ 175. ಖರ್ಚು ಏರಿದ್ದು 370, ಗಳಿಕೆ ಏರಿದ್ದು 175. ನಡುವಿನ 195 ರೂ. ಎಲ್ಲಿಂದ ಬರಬೇಕು? ಕಾಕಾನ ವಹಿಯಿಂದ.

ಜಿಎಸ್‌ಟಿ ಇಳಿದದ್ದು ಎಲ್ಲಿ ಹೋಯಿತು?

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದದ್ದು ಖರೆ. ಸಾಬೂನು, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ, ಶಾಂಪೂ, ಬಿಸ್ಕೀಟು ಶೇ 18ರಿಂದ ಶೇ 5ಕ್ಕೆ ಬಂದವು. ತುಪ್ಪ ಶೇ 12ರಿಂದ ಶೇ 5ಕ್ಕೆ. ದೊಡ್ಡ ಪ್ಯಾಕ್ ತಗೊಳ್ಳೋರಿಗೆ ಇದರ ಲಾಭ ರೂಪಾಯಿಯಲ್ಲೇ ಕಂಡಿತು.

ಆದ್ರ ನಮ್ಮ ಕಡೆ ಹೆಚ್ಚು ಓಡೋದು 5, 10 ರೂಪಾಯಿ ಪ್ಯಾಕೆಟ್. 5 ರೂಪಾಯಿದರ ದರ 4 ರೂ. 45 ಪೈಸೆ ಮಾಡಿದ್ರ ಚಿಲ್ಲರ ಎಲ್ಲಿಂದ ತರೋದು? ದರ ಇಳಿಸೋ ಬದಲು ತೂಕ ಹೆಚ್ಚಿಸ್ತೀವಿ ಅಂತ ಕಂಪನಿಗಳು ಹೇಳಿದವು. ಹಿಂಗಾಗಿ ದೊಡ್ಡ ಡಬ್ಬಿ ಒಯ್ಯೋರಿಗೆ ರೊಕ್ಕ ಉಳೀತು, ಸಣ್ಣ ಪ್ಯಾಕೆಟ್ ಒಯ್ಯೋರಿಗೆ ನಾಲ್ಕಾರು ಗ್ರಾಂ ಹೆಚ್ಚು ಬಂತು. ಬಡವರ ಮನೆಯಲ್ಲಿ ಆ ದಿನ ಬೇಕಿದ್ದದ್ದು ಬಿಸ್ಕೀಟಿನ ತೂಕ ಅಲ್ಲ, ಕೈಯಾಗ ಒಂದು ರೂಪಾಯಿ.

ತುಪ್ಪದ ಕಥೆ ಇನ್ನೂ ಸ್ಪಷ್ಟ. ತೆರಿಗೆ ಇಳಿದ ಮೇಲೆ ನಂದಿನಿ ತುಪ್ಪ ಲೀಟರ್‌ಗೆ 650ರಿಂದ 610ಕ್ಕೆ ಬಂತು. ನವೆಂಬರ್‌ನಲ್ಲಿ ಅದೇ ತುಪ್ಪ 700 ರೂ. ಆಯಿತು.

ಎಣ್ಣೆಯೂ ಹಂಗೇ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರದೇಶದ ಸೂರ್ಯಕಾಂತಿ, ತಾಳೆ, ಸೋಯಾ ಎಣ್ಣೆ ಮೇಲೆ ಆಮದು ಸುಂಕ ಏರಿಸಿತು. 2025ರ ಮೇ ಕೊನೆಗೆ ಕಚ್ಚಾ ಎಣ್ಣೆ ಮೇಲಿನ ಮೂಲ ಸುಂಕ ಶೇ 20ರಿಂದ 10ಕ್ಕೆ ಇಳಿಸಿದರೂ ದರ ಹಳೇ ಮಟ್ಟಕ್ಕೆ ಬರಲಿಲ್ಲ. ಮಿರ್ಚಿ, ಗಿರಮಿಟ್ ಅಂಗಡಿಯವರು ಪ್ಲೇಟಿನ ದರ ಏರಿಸಲಾರದೆ ಮಿರ್ಚಿಯನ್ನೇ ಸಣ್ಣದು ಮಾಡಿದ್ದು ಯಾರಿಗೂ ಗೊತ್ತಾಗದ ಸಂಗತಿ ಏನಲ್ಲ.

ಅಗ್ಗ ಆದದ್ದು ನಮ್ಮ ಬೆಳಿನೇ

ಈಗ ಮುಖ್ಯ ಮಾತಿಗೆ ಬರೋಣ. ಹಣದುಬ್ಬರ ಇಳಿಸಿದ್ದು ಯಾವುದು? ಉಳ್ಳಾಗಡ್ಡಿ, ತರಕಾರಿ, ಬ್ಯಾಳಿಕಾಳು. ಅವನ್ನು ಬೆಳೆಯೋರು ಯಾರು? ಶಿರಗುಪ್ಪಿ ಹೋಬಳಿಯ ಎರಿ ಹೊಲದವರು.

ಬೆಂಗಳೂರಿನಲ್ಲಿ ಉಳ್ಳಾಗಡ್ಡಿ ಅಗ್ಗ ಆದ್ರ ಅಲ್ಲಿಯ ಮನೆಗೆ ಉಳಿತಾಯ. ಇಲ್ಲಿ ಅದೇ ನಮ್ಮ ಸಂಬಳ ಕಡಿತ. 2025ರ ಆಗಸ್ಟ್ ಮಳೆಗೆ ಧಾರವಾಡ ಜಿಲ್ಲೆಯಲ್ಲಿ ಹೆಸರು ಹೊಲದಾಗೇ ಕೆಟ್ಟಿತು. ಕ್ವಿಂಟಲ್‌ಗೆ 8,768 ರೂ. ಬೆಂಬಲ ಬೆಲೆ ಅಂತ ಕಾಗದದಲ್ಲಿ ಇದ್ದರೂ ಬಣ್ಣ ಕೆಟ್ಟ, ಹಸಿ ಇರುವ ಕಾಳಿಗೆ ಆ ದರ ಯಾರು ಕೊಡ್ತಾರ? ಗೋವಿನಜೋಳಕ್ಕೆ ಆ ವರ್ಷ 2,400 ರೂ. ಬೆಂಬಲ ಬೆಲೆ ಇತ್ತು. ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕಡಿಮೆಗೆ ಹೋಯಿತು ಅಂತಲೇ ನವೆಂಬರ್‌ನಲ್ಲಿ ನೆರೆಯ ಲಕ್ಷ್ಮೇಶ್ವರದಲ್ಲಿ ರೈತರು ಧರಣಿ ಕೂತರು.

ಹಿಂಗಾಗಿ ನಮ್ಮ ಊರಿಗೆ ಎರಡೂ ಕಡೆಯ ಪೆಟ್ಟು. ಮಾರುವಾಗ ಅಗ್ಗ, ಕೊಳ್ಳುವಾಗ ತುಟ್ಟಿ. ಸುಗ್ಗಿ ರೊಕ್ಕ ಬಂದ ಮೇಲೆ ವಹಿ ಚುಕ್ತಾ ಮಾಡೋದು ಊರ ರೂಢಿ. ಸುಗ್ಗಿಯೇ ಸೋತರೆ ವಹಿ ಮುಂದಿನ ಸುಗ್ಗಿಗೆ ಹೋಗ್ತದ.

ಒಂದು ವಿನಾಯ್ತಿ ಇದೆ, ಅದನ್ನೂ ಹೇಳಬೇಕು. ಹಾಲಿನ 4 ರೂ. ಏರಿಕೆ ಹಾಲು ಹಾಕುವ ರೈತರಿಗೇ ಹೋಗ್ತದ ಅಂತ ಸರ್ಕಾರ ಹೇಳಿತ್ತು. ಮನೆಯಲ್ಲಿ ಎರಡು ಎಮ್ಮೆ ಇದ್ದೋರಿಗೆ ಇದು ಒಳ್ಳೇದೇ. ಅದೇ ಓಣಿಯ ಕೂಲಿ ಮನೆಗೆ ಖರ್ಚು. ಒಂದೇ ಏರಿಕೆ ಒಂದು ಮನೆಗೆ ಗಳಿಕೆ, ಇನ್ನೊಂದು ಮನೆಗೆ ಉದ್ರಿ.

"ಹಳ್ಳಿ ಅಗ್ಗ" ಅನ್ನೋದು ಹಳೇ ಮಾತು

ಪ್ಯಾಟಿ ತುಟ್ಟಿ, ಹಳ್ಳಿ ಅಗ್ಗ ಅಂತ ಹಿರಿಯರು ಇನ್ನೂ ಅಂತಾರ. ಕೇಂದ್ರದ ಕುಟುಂಬ ಖರ್ಚಿನ ಸಮೀಕ್ಷೆ ನೋಡ್ರಿ. 2011-12ರಲ್ಲಿ ದೇಶದ ಹಳ್ಳಿಯಲ್ಲಿ ಒಬ್ಬ ಮನುಷ್ಯನ ತಿಂಗಳ ಸರಾಸರಿ ಖರ್ಚು 1,430 ರೂ., ಪಟ್ಟಣದಲ್ಲಿ 2,630. 2023-24ರಲ್ಲಿ ಹಳ್ಳಿ 4,122, ಪಟ್ಟಣ 6,996. ಹಳ್ಳಿಯವ 100 ರೂ. ಖರ್ಚು ಮಾಡಿದರೆ ಆಗ ಪಟ್ಟಣದವ 184 ಮಾಡ್ತಿದ್ದ, 2023-24ರಲ್ಲಿ 170. ಅಂತರ ಕರಗಾಕತ್ತದ.

ಯಾಕಂದ್ರ ಎಂಆರ್‌ಪಿ ಎಲ್ಲಾ ಕಡೆ ಒಂದೇ. ಮೊಬೈಲ್ ರೀಚಾರ್ಜ್, ಗ್ಯಾಸ್, ಔಷಧಿ, ಗೊಬ್ಬರ, ಪೆಟ್ರೋಲ್ ಯಾವುದಕ್ಕೂ ಶಿರಗುಪ್ಪಿಗೆ ರಿಯಾಯ್ತಿ ಇಲ್ಲ. ಇಲ್ಲಿ ಉಳಿಯೋದು ಮುಖ್ಯವಾಗಿ ಮನೆ ಬಾಡಿಗೆ. ಆ ಉಳಿತಾಯದ ಒಂದು ಪಾಲನ್ನು ಗಂಡಸರ ಟಿಕೆಟ್ಟು, ಬೈಕಿನ ಪೆಟ್ರೋಲು ತಿಂತಾವು. ಬೆಂಗಳೂರಿಗೆ ಹೋದ ಮಕ್ಕಳ ಸ್ಥಿತಿಯೂ ಹಂಗೇ. ಅಡ್ವಾನ್ಸು, ಪಿಜಿ ಬಾಡಿಗೆ ಸಾಲದೆಂಬಂತೆ 2025ರ ಫೆಬ್ರವರಿಯಲ್ಲಿ ಮೆಟ್ರೊ ಗರಿಷ್ಠ ದರ 60ರಿಂದ 90 ರೂ. ಆಯಿತು. ಅಲ್ಲಿ ಬಾಡಿಗೆ ಏರಿದ್ರ ಇಲ್ಲಿ ಅವ್ವನ ಫೋನಿಗೆ ಬರೋ ರೊಕ್ಕ ಇಳೀತದ.

ಮನಿ ಹೆಂಗ ತೂಗಸಾಕತ್ತಾರ?

ಮೊದಲ ಆಸರೆ ಸರ್ಕಾರದ್ದೇ, ಅದನ್ನ ಒಪ್ಪಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ, ಅದೇ ಆಗಸ್ಟ್‌ನಿಂದ ಗೃಹಲಕ್ಷ್ಮಿಯ 2,000 ರೂ., 200 ಯೂನಿಟ್ ಒಳಗಿನ ಗೃಹಜ್ಯೋತಿ. ಅದಕ್ಕೇ ಮನೆಯ ಸಂತಿ ಕೆಲಸ ಗಂಡಸರಿಂದ ಹೆಂಗಸರ ಕೈಗೆ ಬಂದದ. ಟಿಕೆಟ್ ಇಲ್ಲದೆ ಅಕ್ಕಾರು ದುರ್ಗದಬೈಲ್, ಜನತಾ ಬಜಾರ್‌ಗೆ ಹೋಗಿ ತಿಂಗಳ ಸಾಮಾನು ತರ್ತಾರ. ಹುಬ್ಬಳ್ಳಿಗೆ ದುಡಿಯಾಕ ಹೋದ ಗಂಡಸರು ಇಂದಿರಾ ಕ್ಯಾಂಟೀನ್‌ನಲ್ಲಿ 10 ರೂಪಾಯಿಗೆ ಊಟ ಮಾಡಿ ಹೋಟೆಲ್ ಖರ್ಚು ಉಳಿಸ್ತಾರ.

ಎರಡನೇ ಆಸರೆ ಸಾಲ. ಗೃಹಲಕ್ಷ್ಮಿ ಕಂತು ತಡ ಆದ ತಿಂಗಳು ಸಂಘದ ಸಾಲ, ಅದು ಸಾಲದಿದ್ರ ಮೈಕ್ರೊ ಫೈನಾನ್ಸ್. ವಸೂಲಿ ಕಿರುಕುಳ ಮಿತಿಮೀರಿ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದದ್ದು ನೆನಪಿರಬಹುದು. ಬೆದರಿಸಿ ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂ. ದಂಡ. ಕಾನೂನು ಬಾಗಿಲಿಗೆ ಬರೋ ವಸೂಲಿಯವರನ್ನ ಹೆದರಿಸಬಹುದು. ಅಕ್ಕಿ-ಎಣ್ಣಿಗೆ ಸಾಲ ಮಾಡೋ ಪರಿಸ್ಥಿತಿಯನ್ನ ಅದು ಬದಲು ಮಾಡೋದಿಲ್ಲ.

ಅಂಗಡಿಯವರ ಪಾಡು

ಇದರ ನಡುವೆ ಸಿಕ್ಕೋನು ಊರಿನ ಅಂಗಡಿಯವ. ರೊಕ್ಕದ ವ್ಯಾಪಾರ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗ್ತದ, ಉದ್ರಿ ವ್ಯಾಪಾರ ಊರಾಗ ಉಳೀತದ. ಗೃಹಜ್ಯೋತಿ ಮನೆಗಷ್ಟೇ. ಅಂಗಡಿ ಮೀಟರ್‌ಗೆ ಹೆಸ್ಕಾಂ ಬಿಲ್ ಪೂರ್ತಿ. ಫ್ರಿಜ್ ಇಟ್ಟು ತಿಂಗಳಿಗೆ 300 ಯೂನಿಟ್ ಸುಟ್ಟರೆ 2025-26ರಲ್ಲಿ 36 ಪೈಸೆಯ ಸರ್‌ಚಾರ್ಜೇ 108 ರೂ. ಆಗ್ತಿತ್ತು. ಮಾಲು ಹಾಕೋ ಏಜೆನ್ಸಿಯವರು ವಹಿ ನೋಡೋದಿಲ್ಲ, ನಗದು ಕೇಳ್ತಾರ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ರಾಜ್ಯದ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಚೀಟಿ ಕಿತ್ತು ಹೋದವು. ಸಾಮಾನು ಮಾರೋರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ. ಹಾಲು, ತರಕಾರಿಗೆ ತೆರಿಗೆಯೇ ಇಲ್ಲ. ಆದ್ದರಿಂದ ಹೆದರಿ ಫೋನ್‌ಪೇ ಬಂದ್ ಮಾಡೋದಕ್ಕಿಂತ ಯಾವ ಸಾಮಾನು ಎಷ್ಟು ಮಾರಿದೆ ಅಂತ ಬರೆದಿಡೋದು ಮೇಲು. ನೋಟಿಸ್ ಬಂದ್ರ ತೋರಿಸಾಕ ಅದೊಂದೇ ಆಧಾರ.

2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ಬ್ಯಾಳಿ, ಎಣ್ಣಿ, ಸಕ್ಕರಿ, ಉಪ್ಪಿನ ಕಿಟ್ ಕೊಡಲು ತೀರ್ಮಾನಿಸಿತು. ಮನೆಗೆ ಇದು ಅಕ್ಕಿಗಿಂತ ಉಪಯೋಗ. ಕಿರಾಣಿಯವರು ಮಾತ್ರ ಈಗಲೇ ಯೋಚಿಸಬೇಕು, ಯಾಕಂದ್ರ ಅವರು ಮಾರೋದೂ ಅದನ್ನೇ.

ಕೈಲಾದದ್ದು ಏನು?

ದರ ಇಳಿಸೋದು ನಮ್ಮ ಕೈಯಾಗಿಲ್ಲ. ಕೆಲವು ಕೆಲಸ ಮಾತ್ರ ಮಾಡಬಹುದು. ಊರಿನ ನಾಲ್ಕೈದು ಅಂಗಡಿಯವರು ಕೂಡಿ ಅಮರಗೋಳ ಎಪಿಎಂಸಿಯಿಂದ ಒಂದೇ ಗಾಡಿಯಲ್ಲಿ ಮಾಲು ತಂದರೆ ಸಾಗಣೆ ಖರ್ಚು ಹಂಚಿ ಹೋಗ್ತದ. ಹುಬ್ಬಳ್ಳಿ ದರಕ್ಕೂ ಊರಿನ ದರಕ್ಕೂ ಅಂತರ ಇಳಿದರೆ ಗಿರಾಕಿ ಬಸ್ ಹತ್ತೋದು ಕಡಿಮೆ ಆದೀತು. ಉದ್ರಿಗೆ ಮಿತಿ, ತಾರೀಖು ಎರಡನ್ನೂ ಮೊದಲೇ ಹೇಳಿಬಿಡೋದು ಇಬ್ಬರಿಗೂ ಮರ್ಯಾದಿ.

ಮನೆಯವರು ಕರೆಂಟ್ ಬಿಲ್ ಮೇಲೆ ಕಣ್ಣಿಡಬೇಕು. ಗೃಹಜ್ಯೋತಿ ಅಂದ್ರ ಎಲ್ಲರಿಗೂ 200 ಯೂನಿಟ್ ಅಲ್ಲ, ನಿಮ್ಮ ಹಳೇ ಸರಾಸರಿ ಮೇಲೆ ಒಂದಿಷ್ಟು ಹೆಚ್ಚು ಅಷ್ಟೇ. ಬೆಳೆ ಬಂದ ವಾರವೇ ಸಿಕ್ಕ ದರಕ್ಕೆ ಕೊಡೋದಕ್ಕಿಂತ, ಒಣಗಿದ ಕಾಳನ್ನು ಉಗ್ರಾಣದಲ್ಲಿಟ್ಟು ಅಡಮಾನ ಸಾಲ ಸಿಗ್ತದೇನು ಅಂತ ಎಪಿಎಂಸಿಯಲ್ಲಿ ವಿಚಾರಿಸೋದು ಒಳ್ಳೇದು.

ಆಳುವವರಿಗೆ ಕೇಳಬೇಕಾದ್ದು ಒಂದೇ. ಖರೀದಿ ಕೇಂದ್ರ ಬೆಳೆ ಮಾರಿ ಮುಗಿದ ಮೇಲೆ ಅಲ್ಲ, ರಾಶಿ ಆಗೋ ಮುಂಚೆ ತೆರೀಬೇಕು. ಕಿಟ್ಟು, ಕಂತು ಎಲ್ಲಾ ಬರಲಿ, ಬೇಡ ಅನ್ನೋದಿಲ್ಲ. ಆದ್ರ ಎರಿ ಹೊಲದ ಊರಾಗ ಉದ್ರಿ ವಹಿ ಚುಕ್ತಾ ಆಗೋದು ರಾಶಿಗೆ ದರ ಸಿಕ್ಕಾಗ ಮಾತ್ರ. ಅಲ್ಲಿವರೆಗೆ ದಿಲ್ಲಿಯ 0.25 ದಿಲ್ಲಿಯಲ್ಲೇ ಇರ್ತದ, ಶಿರಗುಪ್ಪಿ ಕಾಕಾ ಸಂಜೆ ಬಸ್ಸಿಗೆ ವಹಿ ತೆಗೆದು ಕೂತಿರ್ತಾರ.