ಫಳಫಳ ಅಂದ್ರೆ ಗ್ರೇಡ್ ಅಲ್ಲ ಕಣ್ರೋ

(1/4)

ಈ ವಾರ ಇನ್‌ಬಾಕ್ಸಿಗೆ ಬಂದ ಫೋಟೊಗಳೆಲ್ಲ ಒಂದೇ ಥರ. ಅಂಗೈ ಮೇಲೆ ಒಂದು ಮಾರ್ಗನ್ ಡಾಲರ್, ಅದರ ಮೇಲೆ ಮೊಬೈಲ್ ಫ್ಲ್ಯಾಶು, ಕೆಳಗೆ ಒಂದೇ ಪ್ರಶ್ನೆ: "ಗುರೂ, ಹೆಂಗೆ ಫಳಫಳ ಅಂತಿದೆ ನೋಡು, ಎಂಎಸ್ 65 ಬರುತ್ತಾ?"

ಬರಲ್ಲ. ಅಷ್ಟು ಫಳಫಳ ಅಂತಿದೆಯಲ್ಲ, ಅದಕ್ಕೇ ಬರಲ್ಲ.

ಹೊಸಬರಿಗೆ ಎರಡು ಮಾತು. ಮಾರ್ಗನ್ ಡಾಲರ್ ಅಂದ್ರೆ ಅಮೆರಿಕ 1878ರಿಂದ 1904ರವರೆಗೆ, ಆಮೇಲೆ 1921ರಲ್ಲಿ ಮತ್ತೊಮ್ಮೆ ಹೊಡೆದ ಬೆಳ್ಳಿ ನಾಣ್ಯ. ವಿನ್ಯಾಸ ಜಾರ್ಜ್ ಟಿ. ಮಾರ್ಗನ್ ಅವರದ್ದು. ಒಂದು ಕಡೆ ಲಿಬರ್ಟಿಯ ಮುಖ, ಇನ್ನೊಂದು ಕಡೆ ರೆಕ್ಕೆ ಬಿಚ್ಚಿದ ಹದ್ದು. ತೂಕ 26.73 ಗ್ರಾಂ. 90 ಪಾಲು ಬೆಳ್ಳಿ, 10 ಪಾಲು ತಾಮ್ರ. ನಮ್ಮಲ್ಲಿ ಯಾರ ಮನೆಗೆ ಇದು ಬಂದಿದ್ರೂ ಅಮೆರಿಕದಲ್ಲಿರೋ ಮಾವನೋ ಚಿಕ್ಕಪ್ಪನೋ ತಂದುಕೊಟ್ಟಿದ್ದೇ ಆಗಿರುತ್ತೆ. ಬಂದ ವಾರದಲ್ಲೇ ಅದಕ್ಕೆ ಟೂತ್‌ಪೇಸ್ಟ್ ಸ್ನಾನವೂ ಆಗಿರುತ್ತೆ. ಇಲ್ಲದಿದ್ರೆ ಹುಣಸೆಹಣ್ಣು, ಇಲ್ಲಾಂದ್ರೆ ವಿಭೂತಿ. "ಹಳೇ ನಾಣ್ಯ ಹೊಸದು ಮಾಡಿ" ಅನ್ನೋ ರೀಲ್ ಒಂದು ಸಾಕು, ನೂರಿಪ್ಪತ್ತು ವರ್ಷ ಉಳಿದುಕೊಂಡು ಬಂದಿದ್ದು ಎರಡು ನಿಮಿಷದಲ್ಲಿ ಹೋಗುತ್ತೆ. ಆ ರೀಲ್ ಮಾಡೋರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಲೈಕು ಅವರಿಗೆ, ಲಾಸು ನಿಮಗೆ.

(2/4)

ನಾಣ್ಯಕ್ಕೆ ಹೊಳಪು ಬರೋದು ಹೇಗೆ ಅಂತ ಒಮ್ಮೆ ಅರ್ಥ ಆದ್ರೆ ಮತ್ತೆ ಬ್ರಷ್ ಮುಟ್ಟಲ್ಲ ನೀವು.

ಟಂಕಸಾಲೆಯಲ್ಲಿ ಎರಡು ಅಚ್ಚುಗಳ ನಡುವೆ ಬೆಳ್ಳಿ ಬಿಲ್ಲೆ ಇಟ್ಟು ಒತ್ತುತ್ತಾರೆ. ಆ ಒತ್ತಡಕ್ಕೆ ಬೆಳ್ಳಿ ಮಧ್ಯದಿಂದ ಅಂಚಿನ ಕಡೆ ಹರಿಯುತ್ತೆ, ಹೌದು, ಘನ ಲೋಹವೇ ಹರಿಯುತ್ತೆ. ಹರಿದ ದಾರಿಯಲ್ಲಿ ಕಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ಗೆರೆಗಳು ಉಳಿಯುತ್ತವೆ. ಒಂದೇ ಬಲ್ಬಿನ ಕೆಳಗೆ ನಾಣ್ಯವನ್ನು ಓರೆ ಮಾಡಿ ಮೆಲ್ಲಗೆ ತಿರುಗಿಸಿದಾಗ ಬೆಳಕಿನ ಪಟ್ಟೆಗಳು ಗಾಡಿ ಚಕ್ರದ ಕಡ್ಡಿಗಳ ಹಾಗೆ ಸುತ್ತುತ್ತವಲ್ಲ, ಅದು ಆ ಗೆರೆಗಳ ಕೆಲಸ. ಅದೇ ಮಿಂಟಿನ ಹೊಳಪು. ಗ್ರೇಡ್ ಮಾಡೋರು ಮೊದಲು ಹುಡುಕೋದು ಅದನ್ನ.

ಉಜ್ಜಿದಾಗ ಹೋಗೋದೂ ಅದೇ ಗೆರೆ. ಕೊಳೆ ಒಂದೇ ಅಲ್ಲ, ನಾಣ್ಯದ ಚರ್ಮವೇ ಎದ್ದುಬರುತ್ತೆ. ಆಮೇಲೆ ಉಳಿಯೋದು ಸ್ಟೀಲ್ ತಟ್ಟೆ ಹೊಳೆಯೋ ಥರದ ಬೋಳು ಬಿಳುಪು. ತಿರುಗಿಸಿ ನೋಡಿ, ಚಕ್ರ ಸುತ್ತಲ್ಲ. ಭೂತಗನ್ನಡಿ ಹಿಡಿದರೆ ಖಾಲಿ ಜಾಗದಲ್ಲೆಲ್ಲ ಒಂದೇ ದಿಕ್ಕಿಗೆ ಕೂದಲೆಳೆಯಂಥ ಗೀರುಗಳು. ಅಕ್ಷರಗಳ ಸಂದಿಯಲ್ಲಿ ಮಾತ್ರ ಕಪ್ಪು ಹಾಗೇ ಕೂತಿರುತ್ತೆ, ಬ್ರಷ್ ಅಲ್ಲಿಗೆ ಹೋಗಿರಲ್ಲ ನೋಡಿ. ಇದನ್ನ ಪಿಸಿಜಿಎಸ್ (1986), ಎನ್‌ಜಿಸಿ (1987) ಥರದ ಗ್ರೇಡಿಂಗ್ ಕಂಪನಿಗೆ ಕಳಿಸಿದ್ರೆ ನಂಬರ್ ಕೊಡಲ್ಲ, "ಕ್ಲೀನ್ಡ್" ಅಂತ ಬರೆದು ವಾಪಸ್ ಕಳಿಸ್ತಾರೆ. ಫೀಸು ಮಾತ್ರ ವಾಪಸ್ ಬರಲ್ಲ.

"ಮನೆ ದೀಪ, ಆರತಿ ತಟ್ಟೆ ಎಲ್ಲ ಉಜ್ಜೋದಿಲ್ವಾ?" ಅಂತ ಒಬ್ಬಳು ಕೇಳಿದ್ದಳು. ಒಳ್ಳೇ ಪ್ರಶ್ನೆ. ದೀಪ ದಿನಾ ಹಚ್ಚೋದಕ್ಕಿರೋದು, ಮಸಿ ಹಿಡಿಯುತ್ತೆ, ಉಜ್ಜಲೇಬೇಕು. ಅದರ ಬೆಲೆ ತೂಕದಲ್ಲಿದೆ, ಮನೆಯವರ ಭಕ್ತಿಯಲ್ಲಿದೆ. ಸಂಗ್ರಹದ ನಾಣ್ಯದ ಬೆಲೆ ಇರೋದು ಕೂದಲೆಳೆಗಿಂತ ತೆಳ್ಳಗಿರೋ ಮೇಲ್ಪದರದಲ್ಲಿ.

(3/4)

ಈಗ ಸವೆತದ ವಿಷಯ. ಇಲ್ಲಿ ಮೋಸ ಹೋಗೋರೇ ಜಾಸ್ತಿ, ಮೋಸ ಮಾಡೋರಿಗೂ ಇದೇ ಮೈದಾನ.

ಮಾರ್ಗನ್ ಡಾಲರಲ್ಲಿ ಮೊದಲು ಸವೆಯೋದು ಉಬ್ಬಿದ ಜಾಗ: ಲಿಬರ್ಟಿಯ ಕಿವಿ ಮೇಲಿನ ಕೂದಲು, ಹಿಂದುಗಡೆ ಹದ್ದಿನ ಎದೆಯ ಗರಿ. ಹಾಗಂತ ಕಿವಿ ಮೇಲೆ ಚಪ್ಪಟೆ ಕಂಡ ತಕ್ಷಣ "ಸವೆದಿದೆ" ಅನ್ನಬೇಡಿ. ನ್ಯೂ ಆರ್ಲಿಯನ್ಸ್ ಟಂಕಸಾಲೆಯ ಎಷ್ಟೋ ನಾಣ್ಯಗಳು (ಹದ್ದಿನ ಕೆಳಗೆ ಪುಟ್ಟ "ಓ" ಇರುತ್ತೆ) ಹುಟ್ಟುವಾಗಲೇ ಚಪ್ಪಟೆ, ಅಚ್ಚೇ ಸರಿಯಾಗಿ ಬಿದ್ದಿರಲ್ಲ. 1892ರ "ಓ" ಅದಕ್ಕೇ ಕುಖ್ಯಾತ. ಅದೇ 1881ರ ಸ್ಯಾನ್ ಫ್ರಾನ್ಸಿಸ್ಕೊ ನಾಣ್ಯ ತಗೊಳ್ಳಿ, ಕೂದಲು ಎಳೆ ಎಳೆಯಾಗಿ ಕಾಣುತ್ತೆ. ವ್ಯತ್ಯಾಸ ಹಿಡಿಯೋದು ಸುಲಭ: ಚಪ್ಪಟೆ ಜಾಗದ ಮೇಲೂ ಹೊಳಪಿನ ಚಕ್ರ ತಡೆಯಿಲ್ಲದೆ ಹಾದುಹೋದರೆ ಅದು ಸವೆತ ಅಲ್ಲ. ಅಲ್ಲಿಗೆ ಬಂದಾಗ ಹೊಳಪು ಸತ್ತು ಮಂಕು ಬೂದಿ ಬಣ್ಣ ಆದರೆ, ಅದು ಜೇಬಿನಲ್ಲಿ ತಿರುಗಿದ ನಾಣ್ಯ.

ಇನ್ನು ಕೆನ್ನೆ. ಈ ಡಾಲರುಗಳನ್ನು ಸಾವಿರದ ಲೆಕ್ಕದಲ್ಲಿ ಬಟ್ಟೆ ಚೀಲಕ್ಕೆ ತುಂಬಿ ತಿಜೋರಿಯಿಂದ ತಿಜೋರಿಗೆ ಎಸೆದಾಡಿದ್ರು. ಒಂದು ಚೀಲ ಅಂದ್ರೆ 26 ಕೆಜಿ ದಾಟುತ್ತೆ, ನಮ್ಮ ಅಕ್ಕಿ ಮೂಟೆಯಷ್ಟು. ಒಳಗೆ ಒಂದರ ಅಂಚು ಇನ್ನೊಂದರ ಮುಖಕ್ಕೆ. ಹಾಗಾಗಿ ಯಾರ ಕೈಯಲ್ಲೂ ಓಡಾಡದ ನಾಣ್ಯಕ್ಕೂ ಗಾಯ ಇರುತ್ತೆ. ಕೂದಲಿನ ಮಧ್ಯೆ ಬಿದ್ದ ಗಾಯ ಅಡಗಿಕೊಳ್ಳುತ್ತೆ, ಬೋಳು ಕೆನ್ನೆ ಮೇಲಿನದ್ದು ಕಣ್ಣಿಗೆ ಹೊಡೆಯುತ್ತೆ. 62ಕ್ಕೂ 65ಕ್ಕೂ ಇರೋ ಜಗಳ ಬಹುಪಾಲು ಈ ಕೆನ್ನೆ ಮೇಲಿನದ್ದೇ.

ನಂಬರ್ ಅಂದ್ರೆ ದೇವರ ವಾಕ್ಯ ಅಂತ ಕೈಮುಗಿಯೋರಿಗೂ ಒಂದು ಮಾತು. 1ರಿಂದ 70ರ ಈ ಅಳತೆಯನ್ನು 1949ರಲ್ಲಿ ವಿಲಿಯಂ ಶೆಲ್ಡನ್ ಮಾಡಿದ್ದು ತಾಮ್ರದ ಹಳೇ ಸೆಂಟುಗಳಿಗೆ, ಬೆಳ್ಳಿ ಡಾಲರಿಗಲ್ಲ. ಕೆಟ್ಟ ನಾಣ್ಯ ಒಂದು ಡಾಲರ್ ಆದ್ರೆ ಪರಿಪೂರ್ಣವಾದದ್ದು ಎಪ್ಪತ್ತು ಡಾಲರ್, ಅಂಥ ಬೆಲೆ ಲೆಕ್ಕ ಅದು. (ಈ ಮಹಾಶಯ ನ್ಯೂಯಾರ್ಕಿನ ನಾಣ್ಯ ಸಂಸ್ಥೆಯೊಂದರ ಸಂಗ್ರಹದಿಂದ ಒಳ್ಳೇ ಸೆಂಟುಗಳನ್ನು ಎತ್ತಿ ತನ್ನ ಕಳಪೆಯವನ್ನು ಇಟ್ಟುಬಂದಿದ್ದು ಸತ್ತಮೇಲೆ ಬಯಲಾಯ್ತು. ಗ್ರೇಡಿಂಗ್ ಚೆನ್ನಾಗೇ ಗೊತ್ತಿತ್ತು ಅನ್ನಿ.) 60 ಮತ್ತು ಮೇಲೆ ಅಂದ್ರೆ ಚಲಾವಣೆಯಾಗದ್ದು, 58 ಅಂದ್ರೆ ಕೂದಲೆಳೆಯಷ್ಟು ಸವೆತ. ಆದ್ರೆ ಕೆನ್ನೆ ತುಂಬ ಗಾಯ ಇರೋ 60ಕ್ಕಿಂತ ಸ್ವಚ್ಛ ಮುಖದ 58 ಎಷ್ಟೋ ಸಲ ನೋಡೋಕೆ ಚೆಂದ. ಡಬ್ಬಿ ಮೇಲಿನ ಚೀಟಿ ಓದೋ ಮುಂಚೆ ಒಳಗಿರೋದನ್ನ ನೋಡಿ. "ಜೆಮ್", "ಸೂಪರ್ ಬಿಯು" ಅಂತ ಮಾರೋನೇ ಬರೆದುಕೊಂಡ ಚೀಟಿಯಂತೂ ಓದೋದೇ ಬೇಡ, ಮದುವೆ ಬ್ರೋಕರ್ ಹುಡುಗನ ಬಗ್ಗೆ ಹೇಳಿದ ಹಾಗೆ ಅದು.

(4/4)

"ಏನಾದ್ರೂ ಬೆಳ್ಳಿ ಬೆಳ್ಳಿನೇ ತಾನೇ?" ಅನ್ನೋರಿಗೆ: ಸರಿ. ಒಳಗೆ ಸುಮಾರು 24 ಗ್ರಾಂ ಬೆಳ್ಳಿ ಇದೆ, ಉಜ್ಜಿದ್ರೂ ಹೆಚ್ಚುಕಡಿಮೆ ಅಷ್ಟೇ ಇರುತ್ತೆ. ಹಾಗಾದ್ರೆ ಬೆಳ್ಳಿ ರೇಟಿಗೇ ಕೊಳ್ಳಿ. ನಾಣ್ಯದ ರೇಟು ಕೊಟ್ಟು ಲೋಹ ತಂದು, ನೋಡಿ ಹೆಂಗಿದೆ ಅಂತ ನನ್ನನ್ನ ಕೇಳಬೇಡಿ. 1893ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹೊಡೆದದ್ದು ಬರೀ 1,00,000. ಅದರಲ್ಲಿ ಸವೆದು ಸವೆದು ಹಣ್ಣಾದದ್ದಕ್ಕೂ ಸಾವಿರಾರು ಡಾಲರ್ ಕೊಡ್ತಾರೆ. ಸವೆತ ಸಹಜ, ಅದನ್ನ ಕ್ಷಮಿಸ್ತಾರೆ. ಉಜ್ಜಿದ್ದನ್ನ ಕ್ಷಮಿಸಲ್ಲ.

ಇನ್ನೊಂದು ವಿಷಯ, ಇದು ನಮ್ಮ ಮನೆ ಪೆಟ್ಟಿಗೆಗೇ ಸಂಬಂಧಪಟ್ಟಿದ್ದು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಇಂಡಿಯಾದಲ್ಲಿ ಬೆಳ್ಳಿಗೆ ಬರ ಬಂತು. ನೋಟು ಕೊಟ್ಟು ರೂಪಾಯಿ ಕೇಳೋರ ಸಾಲು ಬೆಳೀತು. ಅಮೆರಿಕ 1918ರಲ್ಲಿ ಪಿಟ್‌ಮನ್ ಕಾಯ್ದೆ ಮಾಡಿ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಿತು. ಆ ಬೆಳ್ಳಿಯ ಬಹುಪಾಲು ಇಲ್ಲಿಗೆ ಬಂದು ರೂಪಾಯಿ ಆಯ್ತು. ಅಂದ್ರೆ ಅಜ್ಜಿಯ ಟ್ರಂಕಿನಲ್ಲಿರೋ 1918, 1919ರ ಐದನೇ ಜಾರ್ಜ್ ರೂಪಾಯಿ ಒಂದು ಕಾಲದಲ್ಲಿ ಮಾರ್ಗನ್ ಡಾಲರೇ ಆಗಿದ್ದಿರಬಹುದು. ಅದಕ್ಕೂ ಇದೇ ನಿಯಮ: ಉಬ್ಬಿದ ಜಾಗ ನೋಡಿ, ಚಕ್ರ ನೋಡಿ, ಬ್ರಷ್ ದೂರ ಇಡಿ. ಲಕ್ಷ್ಮಿ ಪೂಜೆಗೆ ಇಡೋದಾದ್ರೆ ಅರಿಶಿನ ಕುಂಕುಮ ನಾಣ್ಯಕ್ಕೆ ಹಚ್ಚದೆ ಪಕ್ಕದಲ್ಲಿಡಿ ಅಂತ ಅಮ್ಮನಿಗೆ ಮೆತ್ತಗೆ ಹೇಳಿ ನೋಡಿ. ಬೈಸಿಕೊಂಡ್ರೆ ನನ್ನ ಹೆಸರು ಹೇಳಬೇಡಿ.

ಇನ್ನು ಮುಂದೆ ಫೋಟೊ ಕಳಿಸೋರು ಫ್ಲ್ಯಾಶ್ ಆಫ್ ಮಾಡಿ. ಒಂದೇ ಟೇಬಲ್ ಲ್ಯಾಂಪ್ ಸಾಕು. ನಾಣ್ಯ ಅಂಚಲ್ಲಿ ಹಿಡಿದು, ಮೆಲ್ಲಗೆ ತಿರುಗಿಸ್ತಾ ಹತ್ತು ಸೆಕೆಂಡ್ ವಿಡಿಯೊ. ಎರಡೂ ಕಡೆ. ಕೆನ್ನೆ ಹತ್ತಿರದಿಂದ ಇನ್ನೊಂದು. ಅದನ್ನ ನೋಡಿ ಹೇಳ್ತೀನಿ.

#ನಾಣ್ಯ #ಮಾರ್ಗನ್‌ಡಾಲರ್ #ಉಜ್ಜಬೇಡಿ